ನಿದ್ರಿತರ ಕಾವಲು

ದಿನಾಲು ತಾನಾಗಿ ಬರುವ ನಿದ್ರೆಗೆ ಯಾರೂ ಅಂಜುವದಿಲ್ಲ; ಅನ್ಯರು ಬರಿಸುವ ನಿದ್ರೆಯ ಮಾತೇ ಬೇರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಎದೆಯ ಶಸ್ತ್ರಕ್ರಿಯೆಗಾಗಿ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗುವ ಕುಟುಂಬದವರು ಶಸ್ತ್ರವೈದ್ಯರ ಹೆಸರನ್ನು ಊರಲ್ಲಿಯೇ ವಿಚಾರಿಸಿಕೊಂಡಿರುವರು. ಅರಿವಳಿಕೆ ಕೊಡುವ ವೈದ್ಯರ ಹೆಸರನ್ನು ಮಾತ್ರ ಕೇಳುವದಿಲ್ಲ.

ಸಿಂದಗಿಯ ಕಡೆಯ ಒಬ್ಬ ತಾಯಿಯ ಹೃದಯದ ಕವಾಟವು ಚಿಕ್ಕಂದಿನ ಸಂಧಿವಾತ ಜ್ವರದಿಂದ ಕಿರಿದಾಗಿದ್ದಿತು. ಹೊಲದ ಬದುವನ್ನೇರುವಷ್ಟರಲ್ಲಿಯೇ ಏದುಸಿರು. ಶಸ್ತ್ರಕ್ರಿಯೆಯ ಹಿಂದಿನ ಸಂಜೆ, ಆಕೆಯನ್ನು ಪರೀಕ್ಷಿಸಲು ಬಂದ ಅರಿವಳಿಕೆಯ ವೈದ್ಯರನ್ನು ಮಗನು ಕೇಳಿದ್ದು ಒಂದೇ ಮಾತು: “ಸಾಹೇಬ್ರ, ನಮ್ಮವ್ವ ಮತ್ತ ಎಚ್ಚರಾಗ್ತಾಳಲ್ರೀ?” ಅವರೆಂದರು: “ಅವ್ವಾರು ಮಲಗಿದ್ದಷ್ಟೂ ಹೊತ್ತು ನಾ ಅವರ ತಲೀ ಕಡೆ ಇರ್ತೀನಿ.”

ಮಗನ ಪ್ರಶ್ನೆಯು ಅಜ್ಞಾನದ್ದಲ್ಲ. ಈ ವಿದ್ಯೆಯು ಹುಟ್ಟಿದಂದಿನಿಂದ ಅದಕ್ಕೇ ಉತ್ತರವನ್ನು ಹುಡುಕುತ್ತ ಬಂದಿದೆ. 1846ರಲ್ಲಿ ಬೋಸ್ಟನ್ನಿನಲ್ಲಿ ಈಥರೂ, ಮರುವರುಷ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮೂ ಬಳಕೆಗೆ ಬಂದವು. ನೋವು ಹೋಯಿತು; ಆದರೆ ಕೆಲವರು ಮೇಜಿನ ಮೇಲೆಯೇ ಪ್ರಾಣಬಿಟ್ಟರು. ಮೊದಲು ನಿಲ್ಲುವದು ಉಸಿರೋ ಹೃದಯವೋ ಎಂಬ ವಾದ ಬೆಳೆಯಿತು. ಅದನ್ನು ತೀರಿಸುವ ಯತ್ನವು ವಿಜಯಪುರ ಸೀಮೆಗೆ ನೆರೆಯದಾದ ನಿಜಾಮರ ರಾಜ್ಯದಲ್ಲಿಯೇ ನಡೆಯಿತು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿಯವರು ನಿಜಾಮರ ಧನಸಹಾಯದಿಂದ 1888 ಮತ್ತು 1889ರಲ್ಲಿ ಎರಡು ಆಯೋಗಗಳನ್ನು ನಡೆಸಿದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗಗಳಾದವು. ಉಸಿರೇ ಮೊದಲು ನಿಲ್ಲುವದು, ಆದುದರಿಂದ ಉಸಿರನ್ನು ಕಾಯ್ದರೆ ಸಾಕು, ನಾಡಿಯ ಚಿಂತೆ ಬೇಡವೆಂದು ಲಾರಿಯವರು ಸಾರಿದರು. ಆದರೆ ಲಘುವಾದ ಕ್ಲೋರೋಫಾರ್ಮಿನಲ್ಲಿ ಹೃದಯವೇ ಕಂಪಿಸಿ ಒಮ್ಮೆಲೆ ನಿಲ್ಲಬಹುದೆಂದು 1911ರಲ್ಲಿ ಲಂಡನ್ನಿನ ಲೆವಿಯವರು ತೋರಿಸಿಕೊಟ್ಟರು. ಒಂದನ್ನೇ ಕಾಯುವ ಕಾವಲು ಸಾಲದೆಂದು ಆಗ ಸ್ಪಷ್ಟವಾಯಿತು.

ಇಂದು ಎರಡನ್ನೂ ಕಾಯುವರು. ಬೆರಳಿಗೆ ಸಿಕ್ಕಿಸಿದ ಚಿಮಟಿಗೆಯು ರಕ್ತದಲ್ಲಿಯ ಪ್ರಾಣವಾಯುವನ್ನು ಅಳೆಯುವದು. ಮಣಿಕಟ್ಟಿನ ರಕ್ತನಾಳದಲ್ಲಿಟ್ಟ ಸಣ್ಣ ಕೊಳವೆಯು ಬಡಿತಬಡಿತದ ಒತ್ತಡವನ್ನು ತೋರಿಸುವದು. ಹೊರಬರುವ ಉಸಿರಿನ ಇಂಗಾಲಾಮ್ಲವೂ ಲೆಕ್ಕಕ್ಕೆ ಬರುವದು. ಅನ್ನನಾಳದೊಳಗೆ ಇಳಿಸಿದ ಯಂತ್ರವು ಕವಾಟದ ಚಲನೆಯನ್ನೇ ಪರದೆಯ ಮೇಲೆ ಮೂಡಿಸುವದು. ಶ್ವಾಸಕೋಶದ ಶಸ್ತ್ರಕ್ರಿಯೆಯಾದರೆ, ಎರಡು ಹಾದಿಗಳುಳ್ಳ ಕೊಳವೆಯಿಂದ ಒಂದು ಕಡೆಯ ಶ್ವಾಸಕೋಶವನ್ನು ಸುಮ್ಮನಿರಿಸಿ ಇನ್ನೊಂದರಿಂದಲೇ ಉಸಿರಾಡಿಸುವರು.

ಆದರೆ ಹೃದಯವನ್ನು ತೆರೆಯುವಾಗ ಉಸಿರನ್ನೂ ನಾಡಿಯನ್ನೂ ಬೇಕೆಂದೇ ನಿಲ್ಲಿಸುವರು. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಗಿಬ್ಬನ್ನರು ಮೊದಲಿಗೆ ಯಶಸ್ವಿಯಾಗಿ ಬಳಸಿದ ಯಂತ್ರದ ಬಗೆಯದೇ ಒಂದು ಯಂತ್ರವು ಆಗ ರಕ್ತವನ್ನು ಹರಿಸುವದು. ಲಾರಿಯವರು ಕಾಯಲು ಹೇಳಿದ ಉಸಿರೂ ಇಲ್ಲ, ಬೇಡವೆಂದ ನಾಡಿಯೂ ಇಲ್ಲ. ರಕ್ತದ ಒತ್ತಡ, ದೇಹದ ಕಾವು, ಮೂತ್ರದ ಪ್ರಮಾಣ, ರಕ್ತವು ಹೆಪ್ಪುಗಟ್ಟಲು ಹಿಡಿಯುವ ಕಾಲ, ಇವೇ ಜೀವದ ಗುರುತುಗಳು. ಇವನ್ನು ಅಂಕಿಗಳಲ್ಲಿ ತೋರಿಸುವದು ಯಂತ್ರದ ಕೆಲಸ. ಅವುಗಳ ಅರ್ಥವನ್ನು ಕ್ಷಣಕ್ಷಣಕ್ಕೂ ತಿಳಿಯುವದು ತಲೆಯ ಕಡೆ ಇದ್ದವರ ಕೆಲಸ.

ಆ ತಾಯಿ ಮರುದಿನ ಕಣ್ಣು ತೆರೆದಳು. ಗಂಟಲಲ್ಲಿ ಕೊಳವೆಯಿದ್ದುದರಿಂದ ಮಾತು ಬರಲಿಲ್ಲ. ಮಗನ ಬೆರಳನ್ನು ಹಿಡಿದಳು. ಊರಿಗೆ ಮರಳಿದ ಮೇಲೆ, ಕಾಣಲು ಬಂದವರಿಗೆಲ್ಲ ಮಗನು ಶಸ್ತ್ರವೈದ್ಯರ ಹೆಸರನ್ನು ಹೇಳಿದನು. ತಾಯಿ ಹೇಳಿದ್ದು ಇಷ್ಟೇ: “ನನಗೇನೂ ಗೊತ್ತ ಆಗಲಿಲ್ಲ.” ಹೆಸರು ಕೇಳಿಸಿಕೊಳ್ಳದ ಆ ಇನ್ನೊಬ್ಬ ವೈದ್ಯರಿಗೆ ಸಲ್ಲತಕ್ಕ ಮನ್ನಣೆಯೆಲ್ಲ ಆ ಒಂದು ಮಾತಿನಲ್ಲಿದೆ.