ಆ ಕಡೆ ಅಂದರೆ ಯಾವ ಕಡೆ?

ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ, ಹೊಸಕೋಟೆ ದಾಟಿದ ಮೇಲೆ ನಮ್ಮ ನರಸಾಪುರ ಸಿಗುತ್ತದೆ. ಹೊರಗಿನವರಿಗೆ ಅದು ಕೈಗಾರಿಕಾ ಪ್ರದೇಶವೆಂದೇ ಪರಿಚಯ. 2013ರಲ್ಲಿ ಹೋಂಡಾ ಸ್ಕೂಟರಿನ ಕಾರ್ಖಾನೆ ಬಂತು, 2020ರಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಕೆಲಸ ಶುರುಮಾಡಿತು. ಆದರೆ ನಮ್ಮಂಥವರಿಗೆ ಅದು ಮೊದಲು ಮೂರು ಭಾಷೆಗಳ ಊರು. ವ್ಯಾಪಾರಕ್ಕೆ ತೆಲುಗು, ಕಚೇರಿಗೆ ಕನ್ನಡ, ನಮ್ಮ ಮನೆಗಳಲ್ಲಿ ದಖನಿ. ಏಳನೆಯ ತರಗತಿವರೆಗೆ ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ ಓದಿದ ನನಗೆ ಚಿಕ್ಕಂದಿನಲ್ಲೇ ಒಂದು ಸಂಬಳವಿಲ್ಲದ ಉದ್ಯೋಗ ಅಂಟಿಕೊಂಡಿತು. ಕಚೇರಿಯಿಂದ ಬಂದ ನೋಟೀಸನ್ನು ಬೀದಿಯ ಹೆಂಗಸರಿಗೆ ದಖನಿಯಲ್ಲಿ ಹೇಳುವುದು, ಅವರು ಹೇಳಿದ್ದನ್ನು ಕನ್ನಡದಲ್ಲಿ ಅರ್ಜಿ ಮಾಡುವುದು.

ಈಗ ಆ ದುಭಾಷಿಯ ಕೆಲಸದ ಬಹುಪಾಲನ್ನು ಯಂತ್ರಗಳೇ ತಮ್ಮತಮ್ಮಲ್ಲಿ ಮಾಡಿಕೊಳ್ಳುತ್ತಿವೆ. ಕಂಪ್ಯೂಟರಿನವರು ಇದನ್ನು ವೆಬ್ ಸರ್ವಿಸ್ ಎನ್ನುತ್ತಾರೆ. ಹೆಸರು ಭಾರಿಯಾದರೂ ವಿಷಯ ಸರಳ. ಕೋಲಾರದ ಟೊಮೆಟೊ ಮಂಡಿಯನ್ನು ನೆನೆಯಿರಿ. ರೈತನ ಲೆಕ್ಕ ಅವನ ತಲೆಯಲ್ಲಿರುತ್ತದೆ, ಮಂಡಿಯವನದು ಪುಸ್ತಕದಲ್ಲಿ, ಹೊರರಾಜ್ಯದ ವ್ಯಾಪಾರಿಯದು ಇನ್ನಾವುದೋ ಲಿಪಿಯಲ್ಲಿ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದಬೇಕಾಗಿಲ್ಲ. ನಡುವೆ ಓಡಾಡುವ ಒಂದು ಚೀಟಿಯಲ್ಲಿ ಎಷ್ಟು ಬಾಕ್ಸು, ಬಾಕ್ಸಿಗೆ ಏನು ದರ, ಯಾರ ಮಾಲು ಎಂಬುದು ಒಪ್ಪಿಕೊಂಡ ಜಾಗದಲ್ಲಿ ಒಪ್ಪಿಕೊಂಡ ರೀತಿಯಲ್ಲಿ ಇದ್ದರೆ ಸಾಕು. ವೆಬ್ ಸರ್ವಿಸ್ ಎಂದರೆ ಅಂಥ ಚೀಟಿಯ ಒಪ್ಪಂದ. ಒಂದು ತಂತ್ರಾಂಶ ಇಂಟರ್‌ನೆಟ್ಟಿನ ಇಂಥ ವಿಳಾಸಕ್ಕೆ, ಇಂಥ ಕ್ರಮದಲ್ಲಿ ಪ್ರಶ್ನೆ ಕಳಿಸಬೇಕು. ಇನ್ನೊಂದು ಇಂಥ ಕ್ರಮದಲ್ಲೇ ಉತ್ತರಿಸಬೇಕು. ಒಳಗೆ ಅದು ಯಾವ ಭಾಷೆಯಲ್ಲಿ ಬರೆದದ್ದು, ಯಾವ ಕಂಪನಿಯದು ಎಂಬುದು ಮುಖ್ಯವಲ್ಲ. 1998ರಲ್ಲಿ ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕ್ರಮವೊಂದು ಅಂತರರಾಷ್ಟ್ರೀಯ ಒಪ್ಪಿಗೆ ಪಡೆಯಿತು. ಈ ಚೀಟಿಗಳು ಮೊದಲು ಅದರಲ್ಲಿ ಓಡಾಡಿದವು. ಈಗ ಹೆಚ್ಚಾಗಿ ಜೇಸನ್ ಎಂಬ ಇನ್ನೂ ಹಗುರವಾದ ಕ್ರಮದಲ್ಲಿ ಓಡಾಡುತ್ತವೆ.

ಇದರ ಬೆಲೆ ಬರೆಯುವವರಿಗೆ ಚೆನ್ನಾಗಿ ಗೊತ್ತು. ಇನ್‌ಪೇಜ್‌ನಲ್ಲಿ ಉರ್ದು, ನುಡಿಯಲ್ಲಿ ಕನ್ನಡ ಟೈಪು ಮಾಡುತ್ತಿದ್ದ ದಿನಗಳಲ್ಲಿ ನನ್ನ ಒಂದೇ ಕಂಪ್ಯೂಟರಿನೊಳಗೆ ಎರಡು ಭಾಷೆಗಳು ಮಾತು ಬಿಟ್ಟ ದಾಯಾದಿಗಳಂತೆ ಇದ್ದವು. ಒಂದರಲ್ಲಿ ಬರೆದ ಕಥೆ ಇನ್ನೊಂದರಲ್ಲಿ ತೆರೆದರೆ ಇರುವೆ ಸಾಲಿನಂತೆ ಕಾಣುತ್ತಿತ್ತು. ಕನ್ನಡಕ್ಕೂ ಅರಬಿ ಲಿಪಿಗೂ ಒಂದೇ ಪಟ್ಟಿಯಲ್ಲಿ ಜಾಗ ಕೊಟ್ಟ ಯುನಿಕೋಡ್ 1991ರಲ್ಲೇ ಬಂದಿದ್ದರೂ, ಅದು ನಮ್ಮ ಮೇಜಿನವರೆಗೆ ಬರಲು ವರ್ಷಗಳು ಹಿಡಿದವು. ಬಂದ ಮೇಲೆ ಜಗಳ ನಿಂತಿತು.

ಸರ್ಕಾರದ ಕಚೇರಿಗಳಲ್ಲೂ ಹೀಗೇ ಆಯಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ನೋಂದಣಿ ಇಲಾಖೆ 'ಕಾವೇರಿ' ಎಂಬ ಬೇರೆ ತಂತ್ರಾಂಶ ಮಾಡಿಕೊಂಡಿತು. ಜಮೀನು ಮಾರಾಟವಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಾಲ್ಲೂಕು ಕಚೇರಿಗೆ ಜೆ ಸ್ಲಿಪ್ ಎಂಬ ಕಾಗದ ಹೋಗಬೇಕಿತ್ತು. ಅದರ ಹಿಂದೆ ರೈತನೂ ಓಡಬೇಕಿತ್ತು. ಆಮೇಲೆ ಕಾವೇರಿ ನೇರವಾಗಿ ಭೂಮಿಯೊಂದಿಗೆ ಮಾತಾಡತೊಡಗಿತು. ಹಾಗೆಯೇ 2016ರಲ್ಲಿ ಬಂದ ಯುಪಿಐಯಿಂದ ಚಹಾದಂಗಡಿಯಲ್ಲಿ ನಾವು ಹತ್ತು ರೂಪಾಯಿ ಕೊಡುವಾಗ ಎರಡು ಬ್ಯಾಂಕುಗಳು ಕೆಲವೇ ಕ್ಷಣಗಳಲ್ಲಿ ಪರಸ್ಪರ ಕೇಳಿ, ಹೇಳಿ ಮುಗಿಸುತ್ತವೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಚೀಟಿ ಸರಿಯಾಗಿದ್ದರೂ ಅದರಲ್ಲಿ ಬರೆದ ಹೆಸರು ಕೈಕೊಡಬಹುದು. ಉರ್ದುವಿನಲ್ಲಿ ಜಾಕಿರ್, ಜೈತೂನ್, ರಮಜಾನ್, ಜಫರ್ ಎಂಬ ಹೆಸರುಗಳಲ್ಲಿ ನಾವು ಒಂದೇ ರೀತಿ ನುಡಿಯುವ ಸದ್ದಿಗೆ ನಾಲ್ಕು ಬೇರೆ ಅಕ್ಷರಗಳಿವೆ. ಜಮೀಲನ 'ಜ' ಐದನೆಯದು. ಕನ್ನಡಕ್ಕೆ ಬಂದರೆ ಐದೂ 'ಜ'. ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಒಬ್ಬ ಗುಮಾಸ್ತ ಜೆ ಹಾಕುತ್ತಾನೆ, ಇನ್ನೊಬ್ಬ ಝಡ್ ಹಾಕುತ್ತಾನೆ. ಇದು ಮುಸಲ್ಮಾನರ ಕಷ್ಟ ಮಾತ್ರವಲ್ಲ. ನಮ್ಮ ಜಿಲ್ಲೆಯ ಮುನಿವೆಂಕಟಪ್ಪಂದಿರು, ಚಿಕ್ಕಮುನಿಯಪ್ಪಂದಿರು ಪಹಣಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದಾರೆ. ಹಳೆಯ ಶಾನುಭೋಗರಿಗೆ ಇಬ್ಬರೂ ಒಬ್ಬರೇ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಯಂತ್ರಕ್ಕೆ ಮುಖದ ಪರಿಚಯವಿಲ್ಲ. ಈ ಹೆಸರು ಈ ಸಂಖ್ಯೆಗೆ ಹೊಂದುತ್ತದೆಯೇ ಎಂದು ಆಧಾರ್‌ನ ಯಂತ್ರವನ್ನು ಕೇಳಿದರೆ ಅದು ಹೌದು ಅಥವಾ ಅಲ್ಲ ಎನ್ನುತ್ತದೆ. 'ಬಹುಶಃ ಇವರೇ ಇರಬೇಕು, ಸ್ವಲ್ಪ ವಿಚಾರಿಸಿ' ಎನ್ನುವುದಿಲ್ಲ.

2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದಾಗ ನಮ್ಮ ಬೀದಿಯ ಖಾಲಾ ಒಬ್ಬರು ಅರ್ಜಿ ಹಾಕಿದರು. ತಿಂಗಳಿಗೆ ಎರಡು ಸಾವಿರ ರೂಪಾಯಿ ಅವರ ಬಿಪಿ ಮಾತ್ರೆಗೂ ಗ್ಯಾಸ್ ಸಿಲಿಂಡರಿಗೂ ಆಗುವಂಥದ್ದು. ಹಣ ಬರಲಿಲ್ಲ. ರೇಷನ್ ಕಾರ್ಡಿನಲ್ಲಿ ಅವರ ಹೆಸರಿನ ಕೊನೆಗೆ ಬೀ, ಆಧಾರ್‌ನಲ್ಲಿ ಬೇಗಂ, ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ. ಅವರೊಂದಿಗೆ ನಾನೂ ಎರಡು ಮೂರು ಕೌಂಟರುಗಳಿಗೆ ಹೋದೆ. ಎಲ್ಲ ಕಡೆ ಒಂದೇ ಉತ್ತರ: "ಅಜ್ಜಿ, ನಮ್ಮ ಕಡೆ ಸರಿಯಾಗೇ ಇದೆ. ಆ ಕಡೆಯಿಂದ ಬರ್ತಿಲ್ಲ." ನಾನು ಅದನ್ನು ದಖನಿಗೆ ತಿರುಗಿಸಿ ಹೇಳಿದೆ. ಖಾಲಾ ಕೇಳಿದರು: "ಓ ತರಫ್ ಬೋಲೆ ತೋ ಕಿಧರ್, ಬೇಟಾ?" ಆ ಕಡೆ ಅಂದರೆ ಯಾವ ಕಡೆ? ನಲವತ್ತು ದಾಟಿದ ಈ ದುಭಾಷಿಯ ಬಳಿ ಆ ಪ್ರಶ್ನೆಗೆ ಯಾವ ಭಾಷೆಯಲ್ಲೂ ಉತ್ತರವಿರಲಿಲ್ಲ. ಹೆಸರು ತಿದ್ದಿಸಿ ತಿಂಗಳುಗಳಾದ ಮೇಲೆ ಹಣ ಬರತೊಡಗಿತು. ನಡುವಿನ ತಿಂಗಳುಗಳದ್ದು ಏನಾಯಿತೆಂದು ಹೇಳುವವರು ಸಿಗಲಿಲ್ಲ.

ಸೋಜಿಗವೆಂದರೆ, ಯಂತ್ರಗಳು ತಮ್ಮತಮ್ಮಲ್ಲಿ ಹೀಗೆ ನಡೆದುಕೊಳ್ಳುವುದಿಲ್ಲ. ಅವುಗಳ ಒಪ್ಪಂದದಲ್ಲಿ ಒಂದು ಸಭ್ಯತೆಯ ನಿಯಮವಿದೆ. ಕೇಳಿದ್ದನ್ನು ಕೊಡಲಾಗದಿದ್ದರೂ ಉತ್ತರ ಕೊಡಬೇಕು, ತಪ್ಪು ಯಾವ ಕಡೆಯದೆಂದು ಅಂಕಿಯಲ್ಲಿ ತಿಳಿಸಬೇಕು. ನಾಲ್ಕರಿಂದ ಶುರುವಾಗುವ ಅಂಕಿ ಬಂದರೆ ದೋಷ ಕೇಳಿದವರದು. 404 ಎಂದರೆ ನೀನು ಹುಡುಕಿದ್ದು ಇಲ್ಲಿ ಇಲ್ಲ. ಐದರಿಂದ ಶುರುವಾದರೆ ದೋಷ ಉತ್ತರಿಸಬೇಕಾದವರದು. 500 ಎಂದರೆ ತಪ್ಪು ನನ್ನದೇ. ಒಂದು ಯಂತ್ರ ಇನ್ನೊಂದಕ್ಕೆ ತೋರಿಸುವ ಈ ಸೌಜನ್ಯ ಖಾಲಾ ನಿಂತ ಕೌಂಟರಿನವರೆಗೆ ಏಕೆ ಬರುವುದಿಲ್ಲ?

ಬಾರದಿದ್ದರೆ ಏನಾಗಬಹುದೆಂಬುದನ್ನು ನಮ್ಮೂರು ಕಂಡಿದೆ. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಪಾಳಿ ಎಂಟು ಗಂಟೆಯಿಂದ ಹನ್ನೆರಡು ಗಂಟೆಗೆ ಬದಲಾಯಿತು. ಆದರೆ ಹಾಜರಾತಿಯ ವ್ಯವಸ್ಥೆ ಎರಡು ತಿಂಗಳಾದರೂ ಸರಿಹೋಗಲಿಲ್ಲವೆಂದು ಕಾರ್ಖಾನೆಗಳ ಇಲಾಖೆಯ ವರದಿ ಹೇಳಿತು. ಬೆರಳೊತ್ತಿದ ದಿನಗಳು ಸಂಬಳದ ಲೆಕ್ಕಕ್ಕೆ ಸರಿಯಾಗಿ ತಲುಪದಿದ್ದರೆ, ಗುತ್ತಿಗೆಯ ಹುಡುಗ ಯಾರನ್ನು ಕೇಳಬೇಕು? ಏಜೆನ್ಸಿಯನ್ನೇ, ಕಾರ್ಖಾನೆಯನ್ನೇ? 2020ರ ಡಿಸೆಂಬರ್ 12ರ ಬೆಳಿಗ್ಗೆ ಸಿಟ್ಟು ಸಿಡಿಯಿತು. ಗಾಜುಗಳು ಪುಡಿಯಾದವು, ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಅದೇ ತಿಂಗಳು ವಿಸ್ಟ್ರಾನ್, ಕೆಲವರಿಗೆ ಸಂಬಳ ಸರಿಯಾಗಿ ಮತ್ತು ಸಕಾಲದಲ್ಲಿ ಸಿಕ್ಕಿರಲಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು. ಕಾರ್ಖಾನೆ 2023ರಲ್ಲಿ ಟಾಟಾದವರ ಕೈಗೆ ಬಂತು. ಒಡೆದು ಹಾಕಿದ್ದನ್ನು ನಾನು ಸಮರ್ಥಿಸಲಾರೆ. ಆದರೆ ಆ ಒಪ್ಪಿಗೆಯ ಮಾತು ಎರಡು ತಿಂಗಳು ಮೊದಲೇ ಬಂದಿದ್ದರೆ ಎಷ್ಟು ಮನೆಗಳ ಮಕ್ಕಳು ಜೈಲಿನ ಬಾಗಿಲು ನೋಡದೆ ಇರುತ್ತಿದ್ದರು!

ತಂತ್ರಾಂಶಗಳು ಮಾತಾಡಲಿ, ಇನ್ನೂ ಹೆಚ್ಚು ಮಾತಾಡಲಿ. ಆದರೆ ಅವುಗಳ ಮಾತು ಮುರಿದ ದಿನ, ಎಲ್ಲಿ ಮುರಿಯಿತು, ಯಾರು ಸರಿಪಡಿಸುತ್ತಾರೆ, ಯಾವಾಗ ಎಂಬ ಮೂರು ಸಾಲುಗಳನ್ನು ಅರ್ಜಿದಾರನ ಭಾಷೆಯಲ್ಲಿ ಅಚ್ಚುಹಾಕಿ ಅವನ ಕೈಗೆ ಕೊಡುವ ಕಾನೂನು ಬೇಕು. ಕಾರಣವನ್ನು ಹೊಸದಾಗಿ ಹುಡುಕಬೇಕಾದ್ದಿಲ್ಲ. ಯಂತ್ರ ಅದನ್ನು ಆಗಲೇ ಹೇಳಿರುತ್ತದೆ.