ಹುಮನಾಬಾದಿನ ಹಾದಿಯಲ್ಲಿ ಹಳೆಯ ದನಿಗಳು

ಸೊಲ್ಲಾಪುರದಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯ ಮೇಲೆ ಹುಮನಾಬಾದ್ ನೆಲೆಸಿದೆ. 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗವು ಪೂರ್ಣಗೊಂಡ ಮೇಲೆ ಇಲ್ಲಿಗೆ ಬರುವ ದಾರಿ ಇನ್ನಷ್ಟು ಸುಗಮವಾಗಿದೆ. ಯಾತ್ರಿಕರು ವೀರಭದ್ರೇಶ್ವರನ ದರ್ಶನ ಪಡೆದು, ಊರಿಗೆ ಹತ್ತಿಕೊಂಡಂತಿರುವ ಮಾಣಿಕನಗರಕ್ಕೆ ತೆರಳುತ್ತಾರೆ. ಹಳೆಯ ಗ್ರಾಮಫೋನು ತಟ್ಟೆಗಳನ್ನು ಕೂಡಿಡುವ ಹವ್ಯಾಸವುಳ್ಳವನಿಗೆ ಮಾತ್ರ ಈ ಕ್ಷೇತ್ರದಲ್ಲಿ ಭಕ್ತಿಯೊಡನೆ ಒಂದು ಕೊರಗೂ ಹುಟ್ಟುತ್ತದೆ.

ಸಕಲಮತ ಸಂಪ್ರದಾಯದ ಪ್ರವರ್ತಕರಾದ ಮಾಣಿಕಪ್ರಭುಗಳು ಜನಿಸಿದ್ದು 1817ರಲ್ಲಿ. ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ಕಟ್ಟಿ ಹಾಡಿದ ಆ ಮಹನೀಯರು 1865ರಲ್ಲಿ ಸಮಾಧಿಸ್ಥರಾದರು. ಎಡಿಸನ್ನನ ಯಂತ್ರವು ಮನುಷ್ಯನ ದನಿಯನ್ನು ಮೊದಲ ಬಾರಿಗೆ ಹಿಡಿದು ಮರಳಿ ನುಡಿಸಿದ್ದು 1877ರಲ್ಲಿ. ಕೇವಲ ಹನ್ನೆರಡು ವರ್ಷಗಳ ಅಂತರ! ಪದಗಳು ಉಳಿದವು, ದತ್ತಜಯಂತಿಯ ಗಾಯನವೂ ನಿಂತಿಲ್ಲ. ಆ ಕಂಠ ಮಾತ್ರ ಯಾವ ಸಂಗ್ರಹಕಾರನ ಕೈಗೂ ಎಟುಕದು.

ಭಾರತದ ಹಾಡುಗಾರಿಕೆ ತಟ್ಟೆಗೆ ಇಳಿಯಲು 1902ರ ನವೆಂಬರಿನವರೆಗೆ ಕಾಯಬೇಕಾಯಿತು. ಕಲ್ಕತ್ತೆಯಲ್ಲಿ ಗೈಸ್‌ಬರ್ಗ್ ಎಂಬವನು ಗೌಹರ್ ಜಾನಳ ಗಾಯನವನ್ನು ಮುದ್ರಿಸಿಕೊಂಡನು. ಮೂರು ನಿಮಿಷದ ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಇದು ಜಂಭವಲ್ಲ, ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಬೇಡವೆ? ಆ ಗೌಹರ್ ಜಾನ್ ಕೊನೆಗೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ಕಣ್ಮುಚ್ಚಿದಳು.

ಅರಗಿನಿಂದಾದ ಈ ಕಪ್ಪು ತಟ್ಟೆಗಳು ಕೈಜಾರಿದರೆ ಚೂರು, ಬಿಸಿಲಿಗೆ ಬಿದ್ದರೆ ಸೊಟ್ಟ. ಅದಕ್ಕಿಂತ ಕ್ರೂರವಾದುದು ಉಕ್ಕಿನ ಮುಳ್ಳು. ಪ್ರತಿ ಸಲ ನುಡಿಸಿದಾಗಲೂ ಅದು ಗೆರೆಯನ್ನು ಒಂದಿಷ್ಟು ಸವೆಸುತ್ತದೆ. ಹೀಗಾಗಿ ಮನೆಮಂದಿ ಮೆಚ್ಚಿ ಮತ್ತೆ ಮತ್ತೆ ಕೇಳಿದ ತಟ್ಟೆಯೇ ಹೆಚ್ಚು ಹಾಳಾಗಿರುತ್ತದೆ. ಯಾರೂ ಮುಟ್ಟದ ತಟ್ಟೆ ಹೊಸದರಂತೆ ಹೊಳೆಯುತ್ತಿರುತ್ತದೆ. ಮರುಮುದ್ರಣ ಬೇಕಾಗುವುದು ಇದಕ್ಕಾಗಿಯೇ. ದೊಡ್ಡ ತಟ್ಟೆ, ಕ್ಯಾಸೆಟ್, ಸೀಡಿಗಳ ರೂಪದಲ್ಲಿ ಹಳೆಯ ದನಿಗಳು ಮತ್ತೆ ಮನೆಗೆ ಬಂದವು. ಆದರೆ ಕರಕರ ಸದ್ದನ್ನು ಅತಿಯಾಗಿ ತೊಳೆಯಹೊರಟರೆ ತಂಬೂರಿಯ ಝೇಂಕಾರವೂ ಗಾಯಕನ ಉಸಿರೂ ಜೊತೆಯಲ್ಲೇ ತೊಳೆದುಹೋಗುತ್ತವೆ. ಸ್ವಲ್ಪ ಧೂಳಿದ್ದ ದನಿಯೇ ಲೇಸು. ಇನ್ನು ತಟ್ಟೆಯ ನಡುವಣ ಚೀಟಿ! ಗಂಗೂಬಾಯಿ ಹಾನಗಲ್ಲರು ಒಮ್ಮೆ ‘ಗಾಂಧಾರಿ’ ಎಂಬ ಹೆಸರಿನಿಂದ ಹಾಡಿದ್ದರೆಂಬುದನ್ನು ಕೇಳುಗರಿಗೆ ನೆನಪಿಸುವುದು ಆ ಅಂಗೈಯಗಲದ ಕಾಗದವೇ.

ಹುಮನಾಬಾದಿನಿಂದ ಪಡುವಲಿಗೆ ಹೊರಟರೆ ಬಸವಕಲ್ಯಾಣ. ಶರಣರ ವಚನಗಳು ಮೊಳಗಿದ ಈ ನೆಲದ ನುಡಿಯೂ ಓಲೆಗರಿಗಳಲ್ಲಿ ಚದುರಿಹೋಗಿತ್ತು. ಫ. ಗು. ಹಳಕಟ್ಟಿಯವರು ಮನೆಮನೆಗೂ ಅಲೆದು ಅವನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಿದರು. ಮುಂದೆ ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳು ಧ್ವನಿಮುದ್ರಿಕೆಗಳಾಗಿ ಕನ್ನಡಿಗರ ಮನೆಗಳನ್ನು ಸೇರಿದವು.

ಇಂದು ಮನಸೂರರೆಂದರೆ ಎಲ್ಲರ ಕಿವಿಯಲ್ಲಿ ಅನುರಣಿಸುವುದು ಮುಪ್ಪಿನಲ್ಲಿ ಮಾಗಿದ, ಜೈಪುರ ಘರಾಣೆಯ ಗಾಯನ. ಆದರೆ 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಗಾಗಿ ಅವರು ಗೌಡಮಲ್ಹಾರ, ಅಡಾಣಾಗಳನ್ನು ಹಾಡಿದರು. ಮಿರಜಿನ ನೀಲಕಂಠಬುವಾ ಅವರಲ್ಲಿ ಕಲಿತ ಗ್ವಾಲಿಯರ್ ಪದ್ಧತಿಯ, ಹರೆಯದ ಹುರುಪಿನ ಆ ಕಂಠ ಬೇರೆಯೇ. ಮುಂದೆ ಮಂಜಿಖಾನರ ಶಿಷ್ಯತ್ವದಲ್ಲಿ ಅವರ ಹಾಡಿಕೆ ಹೊಸ ದಾರಿ ಹಿಡಿಯಿತು. ಹಳೆಯ ದಾರಿಗೆ ಸಾಕ್ಷಿಯಾಗಿ ಉಳಿದದ್ದು ಆ ತಟ್ಟೆಗಳು ಮಾತ್ರ. ಮರುಮುದ್ರಣ ದೊರೆತವನು ಅದನ್ನೇ ಕೇಳಿ ತೃಪ್ತನಾದಾನು. ಮೂಲ ತಟ್ಟೆಯೇ ಬೇಕೆನ್ನುವವನು ಯಾವುದೋ ಹಳೆಯ ಮನೆಯ ಅಟ್ಟವನ್ನೇರಿ, ಗೋಣಿಚೀಲ ಸರಿಸಿ, ಬೆರಳ ತುದಿಯಿಂದ ಧೂಳೊರಸಿ ಚೀಟಿಯನ್ನು ಓದಬೇಕು.