ಎಡದಡಕ್ಕೆ ಎಸೆದ ಮೀನು

ಆಂಕರೇಜ್‌ನಿಂದ ಡಿಲ್ಲಿಂಗ್‌ಹ್ಯಾಮ್‌ಗೆ ರಸ್ತೆಯೇ ಇಲ್ಲ, ವಿಮಾನವೇ ಗತಿ. ಅಲ್ಲಿಂದ ಅಲೆಕ್ನಾಗಿಕ್ ಸರೋವರದ ತನಕ ಕಾರು, ಆಮೇಲೆ ದೋಣಿ. ಸಾಲ್ಮನ್ ಅಧ್ಯಯನಕ್ಕೆಂದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಬಂದಿಳಿಯುವುದು ಅಲಾಸ್ಕಾದ ಈ ಮೂಲೆಯ ಬಿಡಾರಕ್ಕೆ. 1940ರ ದಶಕದಿಂದ ನಡೆದುಬಂದ ಪರಿಪಾಠವಿದು.

ಸೂಕ್ಷ್ಮದರ್ಶಕದ ಕನಸು ಹೊತ್ತು ಬಂದವರ ಕೈಗೆ ಮೊದಲು ಸಿಗುವುದು ಎದೆಮಟ್ಟದ ರಬ್ಬರ್ ಉಡುಪು, ಒತ್ತಿದರೆ ಟಿಕ್ಕೆನ್ನುವ ಎಣಿಕೆಯಂತ್ರ ಮತ್ತು ನಮ್ಮ ಮಲೆನಾಡಿನ ದೋಟಿಯಂಥ ಕೊಕ್ಕೆಗೋಲು.

ಅವನ್ನು ಹಿಡಿದು ಇಳಿಯುವ ಹ್ಯಾನ್ಸೆನ್ ಕ್ರೀಕ್ ಸುಮಾರು ಎರಡು ಕಿಲೋಮೀಟರ್ ಉದ್ದದ ಹಳ್ಳ. ನೀರು ಪಾದ ಮುಳುಗಿದರೆ ಹೆಚ್ಚು. ಸಾಕೈ ಸಾಲ್ಮನ್‌ಗಳು ಬೆನ್ನು ಹೊರಗಿಟ್ಟುಕೊಂಡೇ ಮೇಲಕ್ಕೆ ನುಗ್ಗುತ್ತವೆ. ಕಡಲಿನಲ್ಲಿ ಬೆಳ್ಳಿಯ ಬಣ್ಣದ ಮೀನು ಇಲ್ಲಿ ಕಡುಗೆಂಪು, ತಲೆ ಮಾತ್ರ ಹಸಿರು. ಸಿಹಿನೀರು ಹೊಕ್ಕ ಮೇಲೆ ಒಂದು ತುತ್ತೂ ತಿನ್ನದು. ಮೊಟ್ಟೆಯಿಟ್ಟ ಮೇಲೆ ಸಾವೇ.

ಹೊಸಬಳೊಬ್ಬಳು ಮೊದಲ ಹೆಣ ಎತ್ತಿದಳು. ತಲೆಬುರುಡೆ ಒಡೆದಿತ್ತು, ಸೀಳಿದ ಹೊಟ್ಟೆಯಲ್ಲಿ ಮೊಟ್ಟೆ ಒಂದೂ ಇಲ್ಲ, ಮಾಂಸ ಮಾತ್ರ ಹಾಗೇ ಇತ್ತು. "ಕರಡಿ" ಎಂದರು ಜೊತೆಗಿದ್ದ ಹಿರಿಯರು. ಮೀನು ಧಾರಾಳವಾಗಿದ್ದಾಗ ಕರಡಿಗೂ ನಾಲಿಗೆಚಪಲ! ಪಕ್ಕದ ಮೀನಿನ ಕಣ್ಣನ್ನು ಕಡಲಕ್ಕಿ ಕುಕ್ಕಿತ್ತು. ಗಂಡೋ ಹೆಣ್ಣೋ, ಸತ್ತದ್ದು ಹೇಗೆ, ಎಲ್ಲವನ್ನೂ ಬರೆಯಬೇಕು. ಎಣಿಸಿದ್ದನ್ನು ದಡಕ್ಕೆ ಎಸೆಯಬೇಕು, ನಾಳೆ ಮತ್ತೆ ಲೆಕ್ಕಕ್ಕೆ ಬರಬಾರದಲ್ಲ. ತಿರುವು ಬಂದಾಗಲೆಲ್ಲ "ಹೇ ಬೇರ್!" ಎಂದು ಕೂಗು. ಕರಡಿಗೆ ದಿಢೀರನೆ ಎದುರಾಗುವುದು ಯಾರಿಗೂ ಬೇಡ.

ಈ ಎಸೆತಕ್ಕೆ ಪ್ರೊಫೆಸರ್ ಟಾಮ್ ಕ್ವಿನ್ 1990ರ ದಶಕದಲ್ಲಿ ಒಂದು ಕಟ್ಟಳೆ ಹಾಕಿದರು: ಎಸೆದರೆ ಎಡದಡಕ್ಕೇ. ಇಪ್ಪತ್ತು ವರ್ಷ ಹೊಸಬರು ಬಂದರು, ಹೋದರು. ಎರಡು ಲಕ್ಷಕ್ಕೂ ಮಿಕ್ಕಿ ಮೀನು ಎಡಕ್ಕೆ ಬಿತ್ತು. ಆಮೇಲೆ ಎರಡೂ ದಡದ ಬಿಳಿ ಸ್ಪ್ರೂಸ್ ಮರಗಳನ್ನು ಕೊರೆದು ಉಂಗುರ ನೋಡಿದರೆ, ಎಡಗಡೆಯವು ಮೊದಲಿಗಿಂತ ಚುರುಕಾಗಿ ಬೆಳೆದಿದ್ದವು. ಕಡಲಲ್ಲಿ ಮೀನು ಮೈಗೂಡಿಸಿಕೊಂಡ ಸಾರಜನಕ ಮರಕ್ಕೆ ಗೊಬ್ಬರವಾಗಿತ್ತು. ಫಲಿತಾಂಶ ಅಚ್ಚಾದದ್ದು 2018ರಲ್ಲಿ. ಅದರ ನಿಜವಾದ ಕರ್ತೃಗಳು ತೋಳು ನೋಯಿಸಿಕೊಂಡ ಆ ಹೊಸಬರೇ ಎಂಬುದು ನನ್ನ ವಾದ.

ಮೊದಲ ಹೆಣ ಎತ್ತಿದ ದಿನ ಸಂಜೆ ಅಂತೂ ಸೂಕ್ಷ್ಮದರ್ಶಕ ಹೊರಬಂತು. ಮೀನಿನ ತಲೆಯಿಂದ ತೆಗೆದ ಕಿವಿಗಲ್ಲಿನಲ್ಲೂ ವರುಷವರುಷದ ಉಂಗುರ. "ಸರೋವರದಲ್ಲಿ ಒಂದು ವರ್ಷ, ಕಡಲಲ್ಲಿ ಎರಡು" ಎಂದಳು ಆ ಹೊಸಬಳು. ಪಕ್ಕದ ಹುಡುಗ ಮೂರೆಂದು ತಕರಾರು ತೆಗೆದ. ವಾದ ಊಟದ ತನಕ ನಡೆಯಿತು. ಊಟಕ್ಕೂ ಸಾಲ್ಮನ್ನೇ.